ಒಗೆತಕ್ಕೆ ಎರಡಾಣೆ

ನಮ್ಮ ಸೀಮೆಯಲ್ಲಿ ನೆರೆಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿಯಿಲ್ಲ. ಪತ್ರೊಡೆ ತುಂಬಿಕೊಂಡು ಬಂದ ಡಬ್ಬಿ ವಾಪಸು ಹೋಗುವಾಗ ಅದರಲ್ಲಿ ನಾಲ್ಕು ಹಲಸಿನ ಹಪ್ಪಳವೋ, ಒಂದು ತುಂಡು ಬೆಲ್ಲವೋ, ಏನೂ ಸಿಗದಿದ್ದರೆ ಹಿತ್ತಲಿನ ಎರಡು ನಿಂಬೆಕಾಯಿಯೋ ಇರಲೇಬೇಕು. ಹಾಗಾಗಿ ನಮ್ಮಲ್ಲಿ ಪಾತ್ರೆಗಳು ಹಿಂದಿರುಗುವುದು ಸ್ವಲ್ಪ ತಡ. ತುಂಬಿ ಕಳಿಸಲು ಯೋಗ್ಯವಾದದ್ದೇನಾದರೂ ಮನೆಯಲ್ಲಿ ತಯಾರಾಗುವವರೆಗೆ ಡಬ್ಬಿ ಅಟ್ಟಣಿಗೆಯ ಮೇಲೆ ಕಾಯುತ್ತದೆ. ಕೆಲವು ಮುಂದಿನ ಚೌತಿಯವರೆಗೆ ಕಾಯುತ್ತವೆ. ಕೆಲವು ಕಾದು ಕಾದು ಆ ಮನೆಯವೇ ಆಗಿಬಿಡುತ್ತವೆ. ಯಾರದೋ ಮದುವೆಯ ಪಂಕ್ತಿಯಲ್ಲಿ ಸಾರು ಬಡಿಸುವವನ ಕೈಯಲ್ಲಿ ತಮ್ಮ ಅಜ್ಜಿಯ ಹೆಸರು ಕೊರೆದ ಸೌಟನ್ನು ಕಂಡವರು ಊರಲ್ಲಿ ಅನೇಕರಿದ್ದಾರೆ. ಕಂಡೂ ಕಾಣದವರಂತೆ ಸಾರು ಹಾಕಿಸಿಕೊಂಡು ಉಣ್ಣುವುದು ಮರ್ಯಾದಸ್ಥರ ಲಕ್ಷಣ.

ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದವರು ಆನ್‌ಲೈನ್ ವ್ಯಾಪಾರಕ್ಕೆ ಇಳಿದರೆ ಮೊದಲು ಎಡವುವುದು ರಿಟರ್ನ್ ಎಂಬ ಹೊಸ್ತಿಲಿಗೆ. ನನ್ನ ಅಕ್ಕನ ಮಗಳು ಉಡುಪಿ ಜಿಲ್ಲೆಯ ಸಾಲಿಗ್ರಾಮದ ಮನೆಯ ಚಾವಡಿಯಿಂದಲೇ ಕೈಮಗ್ಗದ ಹತ್ತಿ ಸೀರೆ ಮಾರುತ್ತಾಳೆ. ಬೋರ್ಡಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ. ಒಂದು ಗೋಡ್ರೆಜ್ ಕಪಾಟು, ಲೇಬಲ್ ಮುದ್ರಿಸುವ ಒಂದು ಸಣ್ಣ ಯಂತ್ರ, ಒಂದು ಡಿಜಿಟಲ್ ತಕ್ಕಡಿ, ಟೇಪಿನ ಸುರುಳಿಗಳು ಮತ್ತು ನಾನು. ನಿವೃತ್ತನಾದ ಮೇಲೆ ನನಗೆ ಅಲ್ಲಿ ಟೇಪು ಕತ್ತರಿಸುವ ಹುದ್ದೆ ಸಿಕ್ಕಿದೆ. ಸಂಬಳವಿಲ್ಲ, ನಾಲ್ಕು ಗಂಟೆಗೆ ಕಾಫಿ ಇದೆ. ಸೀರೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಯಾರೂ ಕೇಳುವುದಿಲ್ಲವಾದ್ದರಿಂದ ಜಗತ್ತಿನ ವಿಷಯದಲ್ಲಿ ಅಭಿಪ್ರಾಯ ಬೆಳೆಸಿಕೊಳ್ಳಲು ಬೇಕಾದಷ್ಟು ವೇಳೆ ಉಳಿಯುತ್ತದೆ.

ಅವಳು ಮಾರುವ ಸರಕಿನಲ್ಲಿ ಹೆಚ್ಚಿನದು ಉಡುಪಿ ಸೀರೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಗುರ ಹತ್ತಿಯ ಸೀರೆ ಅದು. ಮೈತುಂಬ ಚೌಕುಳಿ ಅಥವಾ ಒಂದೇ ಬಣ್ಣ, ಅಂಚು ಸೆರಗಿಗೆ ಬೇರೆ ಬಣ್ಣ. ನಮ್ಮ ಅಮ್ಮಂದಿರು ದಿನನಿತ್ಯ ಉಡುತ್ತಿದ್ದದ್ದು ಇದನ್ನೇ. ನಡುವೆ ಮಗ್ಗಗಳು ಒಂದೊಂದಾಗಿ ನಿಂತು, ನೇಯುವವರು ಬೆರಳೆಣಿಕೆಯ ಹಿರಿಯರಷ್ಟೇ ಎಂಬ ಸ್ಥಿತಿ ಬಂದಿತ್ತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥ ಕಡೆ ಈಗ ಮತ್ತೆ ಲಾಳಿಯ ಸದ್ದು ಕೇಳುತ್ತಿದೆ. ಒಂದು ಸೀರೆಯ ಹಿಂದೆ ಒಬ್ಬರ ದಿನಗಟ್ಟಲೆ ಕೂತ ಬೆನ್ನುಮೂಳೆ ಇರುತ್ತದೆ. ಸರಕು ಕಡಿಮೆ, ಒಂದು ಸೀರೆ ಗಿರಾಕಿಯ ಮನೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಇಲ್ಲಿ ಕಪಾಟಿನ ಒಂದು ಖಾನೆಯೇ ಖಾಲಿ.

ವಾಪಸು ಬರುವ ಪೊಟ್ಟಣಗಳಲ್ಲಿ ಎರಡು ಜಾತಿ. ಮೊದಲನೆಯದು ಗಿರಾಕಿಯ ಮನೆ ಮುಟ್ಟದೆ ಬಾಗಿಲಿನಿಂದಲೇ ತಿರುಗಿ ಬರುವುದು. ಇದಕ್ಕೆ ಆರ್‌ಟಿಒ ಎಂಬ ಹೆಸರು. ಅವಳು ಮೊದಲ ಸಲ ಫೋನಿನಲ್ಲಿ ‘ಮಾವ, ಇವತ್ತು ಮೂರು ಆರ್‌ಟಿಒ ಉಂಟು’ ಎಂದಾಗ ನಾನು ಗಾಡಿಯ ಇನ್ಶೂರೆನ್ಸ್ ಹುಡುಕಲು ಹೊರಟಿದ್ದೆ. ಇದರಲ್ಲಿ ಸೀರೆಗೆ ಆಪತ್ತಿಲ್ಲ. ಊರೂರು ತಿರುಗಿದ ದಣಿವು ಮಾತ್ರ. ಎರಡನೆಯದು ಗಿರಾಕಿ ಬಿಚ್ಚಿ, ನೋಡಿ, ಯೋಚಿಸಿ, ನೆರೆಯವರಿಗೆ ತೋರಿಸಿ, ಕೊನೆಗೆ ಬೇಡವೆಂದು ಕಳಿಸುವುದು. ನನ್ನ ಚಿಂತನೆಯೆಲ್ಲ ಈ ಎರಡನೆಯದರ ಬಗ್ಗೆ. ಅದರಲ್ಲೂ ತಡವಾಗಿ ಬರುವವುಗಳ ಬಗ್ಗೆ.

ತಡಕ್ಕೂ ಬಗೆಗಳಿವೆ. ಒಂದು, ಗಡುವಿನ ಕೊನೆಯ ರಾತ್ರಿ ಹನ್ನೊಂದೂಮುಕ್ಕಾಲಿಗೆ ‘ರಿಟರ್ನ್’ ಗುಂಡಿ ಒತ್ತುವವರದು. ಇವರು ಕಾನೂನಿನ ಪ್ರಕಾರ ಸಾಚಾ. ಆದರೆ ಸರಕು ಒಯ್ಯಲು ಹುಡುಗ ಬಂದಾಗ ಮನೆಗೆ ಬೀಗ, ಮತ್ತೆ ಬಂದಾಗ ಅವರು ತವರಿಗೆ, ಆಮೇಲೆ ನವರಾತ್ರಿ. ಇನ್ನೊಂದು, ಗಡುವು ಮುಗಿದ ಮೇಲೆ ಎಚ್ಚರಾಗಿ, ನಾವು ಸೀರೆ ಮಾರುವ ಆನ್‌ಲೈನ್ ವೇದಿಕೆಯ ಸಹಾಯವಾಣಿಗೆ ಫೋನು ಮಾಡಿ, ‘ನಾನು ನಿಮ್ಮ ಎಷ್ಟು ವರ್ಷದ ಗಿರಾಕಿ ಗೊತ್ತೇ?’ ಎಂದು ಕೇಳುವವರದು. ಆ ಪ್ರಶ್ನೆಗೆ ಉತ್ತರ ವೇದಿಕೆಗೆ ಗೊತ್ತಿರುತ್ತದೆ. ‘ವಿಶೇಷ ಪ್ರಕರಣ’ವೆಂದು ಬಾಗಿಲು ತೆರೆಯುತ್ತದೆ.

ಮೂರನೆಯ ಬಗೆಯ ತಡದಲ್ಲಿ ಮನುಷ್ಯರ ತಪ್ಪು ಕಡಿಮೆ, ಭೂಗೋಳದ ತಪ್ಪು ಹೆಚ್ಚು. ಮೈಸೂರು ಜಿಲ್ಲೆಯಲ್ಲೂ ಒಂದು ಸಾಲಿಗ್ರಾಮವಿದೆ. ರಾಮಾನುಜಾಚಾರ್ಯರು ಅಲ್ಲಿ ತಂಗಿದ್ದರೆಂಬ ಪ್ರತೀತಿಯಿರುವ ಹಳೆಯ ಊರು. ಈಗ ತಾಲ್ಲೂಕು ಕೇಂದ್ರ. ನಮ್ಮ ಸಾಲಿಗ್ರಾಮಕ್ಕೆ ಬರಬೇಕಾದ ಪೊಟ್ಟಣ ಆ ಸಾಲಿಗ್ರಾಮಕ್ಕೆ ಯಾತ್ರೆ ಹೋಗುವುದುಂಟು. ನಮ್ಮ ಪಕ್ಕದ ಕೋಟಕ್ಕೋ ರಾಜಸ್ಥಾನದಲ್ಲಿ ಒಬ್ಬ ಅಣ್ಣನಿದ್ದಾನೆ, ಐಐಟಿ ಕೋಚಿಂಗಿಗೆ ಹೆಸರಾದವನು. ವಿಳಾಸದಲ್ಲಿ ‘ಕೋಟ ಹತ್ತಿರ’ ಎಂದು ಬರೆದ ಒಂದು ಸೀರೆ ಉತ್ತರ ಭಾರತದ ಯಾವುದೋ ಗೋದಾಮಿನಲ್ಲಿ ಕಾಣಿಸಿಕೊಂಡದ್ದನ್ನು ಟ್ರ್ಯಾಕಿಂಗ್ ಪರದೆಯ ಮೇಲೆ ನಾನೇ ನೋಡಿದ್ದೇನೆ. ಬಹುಶಃ ಪ್ರವೇಶ ಪರೀಕ್ಷೆ ಬರೆಯಲು ಹೋಗಿತ್ತು. ಹೀಗೆ ಹೆಸರುಗಳು ಗೊಂದಲ ಮಾಡಬಾರದೆಂದೇ 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಆರಂಕಿಯ ಪಿನ್ ಕೋಡ್ ತಂದದ್ದು. ಆದರೆ ಅಂಕಿಗಳನ್ನು ಓದಬೇಕಾದ ಯಂತ್ರದ ಮುಂದೆ ನಮ್ಮ ಮಳೆಗಾಲದ ಲೇಬಲ್ ಬರುವಾಗ ಅದರಲ್ಲಿ ಅಂಕಿ ಯಾವುದು, ಬೂಸು ಯಾವುದು ಎಂದು ಹೇಳುವುದು ಕಷ್ಟ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಟೇಪಿನ ಅಂಟಿಗೂ ಒಂದು ಮಿತಿಯುಂಟು.

ಒಂದು ಸೀರೆಯ ಕಥೆ ಹೇಳಬೇಕು. ಎಲೆಹಸಿರು ಮೈ, ಕುಂಕುಮ ಬಣ್ಣದ ಅಂಚು. ಏಪ್ರಿಲ್ ತಿಂಗಳಲ್ಲಿ, ಮದುವೆಯ ಭರಾಟೆಯಲ್ಲಿ, ದೂರದ ನಗರವೊಂದಕ್ಕೆ ಹೋಗಿತ್ತು. ಮಳೆ ಹಿಡಿದ ಮೇಲೆ ಮರಳಿತು. ಕಾರಣದ ಕಾಲಂನಲ್ಲಿ ‘ಗುಣಮಟ್ಟ ನಿರೀಕ್ಷೆಯಂತಿಲ್ಲ’ ಎಂದಿತ್ತು. ಅವಳು ಪೊಟ್ಟಣ ಬಿಚ್ಚುವಾಗ ವಿಡಿಯೊ ಮಾಡುವುದು ನನ್ನ ಕೆಲಸ, ಪುರಾವೆ ಬೇಕಲ್ಲ. ಮಡಿಕೆ ನಮ್ಮದಲ್ಲ. ನಾವು ಅಂಗಡಿಯ ಮಡಿಕೆಯಲ್ಲಿ ಕಳಿಸಿದ್ದೆವು, ಬಂದದ್ದು ಮನೆಯ ಮಡಿಕೆಯಲ್ಲಿ. ಎರಡಕ್ಕೂ ಇರುವ ಅಂತರ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಎಡಹೆಗಲು ಬರುವ ಜಾಗದಲ್ಲಿ ಪಿನ್ನು ಚುಚ್ಚಿದ ಎರಡು ಕಣ್ಣು. ಸೆರಗಿನ ತುದಿಯಲ್ಲಿ ಪಾಯಸದ್ದೋ ಸಾಂಬಾರಿನದ್ದೋ ಎಂದು ನಾವು ಚರ್ಚಿಸಿದ ಒಂದು ಕಲೆ. ಹಳದಿ ಬಣ್ಣ ನೋಡಿ ನಾನು ಸಾಂಬಾರಿನ ಪರ ನಿಂತೆ. ಅವಳು ಸೀರೆಯನ್ನು ಬಿಡಿಸಿ ಕೊಡವಿದಳು. ನೆಲಕ್ಕೆ ಟಪಟಪನೆ ನಾಲ್ಕಾರು ಅಕ್ಷತೆಕಾಳು ಬಿದ್ದವು.

ಇಬ್ಬರೂ ನಕ್ಕೆವು. ಖಾಲಿ ಕಳಿಸಬಾರದೆಂಬ ನಮ್ಮ ಪದ್ಧತಿ ಆ ನಗರದಲ್ಲೂ ಉಂಟೆಂದು ಆಯಿತು. ಯಾರ ಮದುವೆಯೋ, ದಂಪತಿ ಎಲ್ಲಿದ್ದಾರೋ, ಅವರಿಗೆ ಒಳ್ಳೆಯದಾಗಲಿ. ಆಶೀರ್ವಾದ ಮಾತ್ರ ನಮ್ಮ ಚಾವಡಿಯ ಸಗಣಿ ಸಾರಿಸಿದ ನೆಲದ ಮೇಲೆ ಬಿದ್ದಿತ್ತು.

ನಗು ಮುಗಿದ ಮೇಲೆ ಅರ್ಜಿ. ಬಳಸಿದ ಸರಕು ಮರಳಿದರೆ ಮಾರುವವರು ಪರಿಹಾರ ಕೇಳಬಹುದು. ಆದರೆ ಸರಕು ಕೈಗೆ ಬಂದು ಇಂತಿಷ್ಟು ದಿನದೊಳಗೆ ಕೇಳಬೇಕು. ಲೇಬಲಿನ ಫೋಟೊ, ಸರಕಿನ ನಾಲ್ಕೂ ಮಗ್ಗುಲಿನ ಫೋಟೊ, ಬಿಚ್ಚಿದ ವಿಡಿಯೊ, ಎಲ್ಲ ಲಗತ್ತಿಸಬೇಕು. ಲಗತ್ತಿಸಿದೆವು. ‘ಚಿತ್ರದಲ್ಲಿ ಕಲೆ ಸ್ಪಷ್ಟವಾಗಿಲ್ಲ’ ಎಂದು ಉತ್ತರ ಬಂತು. ಕಲೆಗೆ ಟಾರ್ಚು ಬಿಟ್ಟು ಮತ್ತೆ ಫೋಟೊ ತೆಗೆದೆವು. ಅಷ್ಟರಲ್ಲಿ ಅರ್ಜಿಯ ಗಡುವು ಮೀರಿತ್ತು. ಸ್ವಾರಸ್ಯ ಇರುವುದು ಇಲ್ಲಿ. ಕೊಂಡವರ ತಡಕ್ಕೆ ವಿಶೇಷ ಪ್ರಕರಣವೆಂಬ ಬಾಗಿಲುಂಟು. ಮಾರಿದವರ ತಡಕ್ಕೆ ಗೋಡೆ ಮಾತ್ರ.

ನಾನು ಹುಡುಗನಾಗಿದ್ದಾಗ ಪೇಟೆಯ ಜವಳಿ ಅಂಗಡಿಗಳಲ್ಲಿ ‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ’ ಎಂಬ ಹಲಗೆ ದೇವರ ಪಟದ ಕೆಳಗೇ ಇರುತ್ತಿತ್ತು. ಹಲಗೆಗೂ ವ್ಯವಹಾರಕ್ಕೂ ಸಂಬಂಧವಿರಲಿಲ್ಲ. ಎಲ್ಲರೂ ಹಿಂದೆ ತರುತ್ತಿದ್ದರು, ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದರು. ಹೇಗೆ ತರುತ್ತಿದ್ದರು ಎಂಬುದೇ ಒಂದು ಯಕ್ಷಗಾನ ಪ್ರಸಂಗ. ಗಿರಾಕಿ ನೇರವಾಗಿ ವಿಷಯಕ್ಕೆ ಬರುವುದಿಲ್ಲ. ಚೀಲವನ್ನು ಕಾಲಿನ ಬುಡದಲ್ಲಿ ಅಡಗಿಸಿಟ್ಟುಕೊಂಡು ಬೆಂಚಿನ ಮೇಲೆ ಕೂರುತ್ತಾರೆ. ಮಳೆಯ ಮಾತು, ಅಡಿಕೆ ರೇಟಿನ ಮಾತು, ಸಾಹುಕಾರರ ಮಗಳ ಬಾಣಂತನದ ಮಾತು. ಸಾಹುಕಾರರಿಗೆ ಚೀಲ ಒಳಗೆ ಬಂದಾಗಲೇ ಕಂಡಿದೆ. ಅವರೂ ಕಾಣದವರಂತೆ ವೀಳ್ಯದ ತಟ್ಟೆ ಮುಂದೆ ತಳ್ಳುತ್ತಾರೆ. ಕೊನೆಗೆ, ‘ಎಂತ ಮಾಡೂದ್ ಮಾರಾಯ್ರೆ, ಇವಳಿಗೆ ಬಣ್ಣ ಹಿಡಿಸ್ಲಿಲ್ಲೆ’ ಎಂದು ಚೀಲ ಮೇಲೆ ಬರುತ್ತದೆ. ಸಾಹುಕಾರರು ಸೀರೆಯನ್ನು ಮೂಗಿನ ಹತ್ತಿರ ತಂದು ಒಂದು ಸಲ ಉಸಿರೆಳೆದುಕೊಳ್ಳುತ್ತಾರೆ. ಒಂದೇ ಉಸಿರಿನಲ್ಲಿ ಉಟ್ಟದ್ದೋ ಉಡದ್ದೋ ತಿಳಿಯುತ್ತದೆ. ಉಟ್ಟದ್ದೆಂದು ತಿಳಿದರೂ ‘ಅಡ್ಡಿಲ್ಲ’ ಎನ್ನುತ್ತಾರೆ.

ಆ ‘ಅಡ್ಡಿಲ್ಲ’ಕ್ಕೆ ಬೆಲೆಯಿತ್ತು. ಗಿರಾಕಿ ದುಡ್ಡು ವಾಪಸು ಕೇಳುತ್ತಿರಲಿಲ್ಲ. ಬೇರೆ ಸೀರೆ ಒಯ್ಯುತ್ತಿದ್ದರು, ಒಂದಿಷ್ಟು ಹೆಚ್ಚಿನದನ್ನೇ. ಮಗಳ ಮದುವೆಯ ಜವಳಿಗೆ ಕುಂದಾಪುರಕ್ಕೋ ಉಡುಪಿಗೋ ಹೋಗದೆ ಅಲ್ಲಿಗೇ ಬರುತ್ತಿದ್ದರು. ಮುಖ ಉಳಿಸಿದವರ ಅಂಗಡಿಯ ಮುಂದೆ ಬೇರೆ ಅಂಗಡಿಯ ಚೀಲ ಹಿಡಿದು ನಡೆಯಲು ನಮ್ಮವರಿಗೆ ಆಗುವುದಿಲ್ಲ, ಸುತ್ತುದಾರಿ ಹಿಡಿಯಬೇಕಾಗುತ್ತದೆ. ಸಾಹುಕಾರರ ದಾಕ್ಷಿಣ್ಯ ಅವರ ಬಂಡವಾಳದ ಒಂದು ಭಾಗವಾಗಿತ್ತು. ಯಾರಿಗೆ ತೋರಿಸಬೇಕು, ಎಷ್ಟು ತೋರಿಸಬೇಕು, ಎರಡನೇ ಸಲ ತಂದವನಿಗೆ ಹೇಗೆ ಮೂಗು ಮುರಿಯಬೇಕು ಎಂಬುದೆಲ್ಲ ಅವರ ಕೈಯಲ್ಲೇ ಇತ್ತು.

ಹಿಂದಿರುಗಿಸುವ ಗಡುವು ಯಾವಾಗ ಹುಟ್ಟಿತೆಂದು ಹುಡುಕಿದರೆ ಅದು ಅಮೆರಿಕದ ಕಂಪನಿಗಳ ಸೃಷ್ಟಿಯಲ್ಲ. ನಮ್ಮ ಧರ್ಮಶಾಸ್ತ್ರಗಳು ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸುತ್ತವೆ. ಕೊಂಡ ಮೇಲೆ ಪಶ್ಚಾತ್ತಾಪಪಡುವುದು ಅದರಲ್ಲೊಂದು. ಮನುವಿನ ಪ್ರಕಾರ ಹತ್ತು ದಿನದೊಳಗೆ ಕೊಂಡವನೂ ಮನಸ್ಸು ಬದಲಿಸಬಹುದು, ಕೊಟ್ಟವನೂ ಬದಲಿಸಬಹುದು. ಆಮೇಲೆ ಇಬ್ಬರೂ ತೆಪ್ಪಗಿರಬೇಕು. ಯಾಜ್ಞವಲ್ಕ್ಯ ಸ್ಮೃತಿ ಸರಕಿಗೊಂದು ಗಡುವು ಹಾಕುತ್ತದೆ: ಕಬ್ಬಿಣಕ್ಕೆ ಒಂದು ದಿನ, ಕರೆಯುವ ಹಸುವಿಗೆ ಮೂರು, ಹೊರೆ ಎಳೆಯುವ ಎತ್ತಿಗೆ ಐದು, ರತ್ನಕ್ಕೆ ಏಳು, ಬಿತ್ತನೆ ಬೀಜಕ್ಕೆ ಹತ್ತು. ಆಳುಗಳನ್ನೂ ಕೊಳ್ಳುತ್ತಿದ್ದ ಕಾಲವಾದ್ದರಿಂದ ಅವರಿಗೂ ಗಡುವಿದೆ. ಆ ಮಾತು ಬಿಡೋಣ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದು ಅದನ್ನು ದೇಶದ ಬಹುಭಾಗದ ಕಾನೂನಾಗಿಸಿದ ವಿಜ್ಞಾನೇಶ್ವರ ನಮ್ಮವನೇ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಕೂತು ಬರೆದವನು.

ನನಗೆ ಎಲ್ಲರಿಗಿಂತ ಇಷ್ಟವಾದವನು ನಾರದ. ಪುರಾಣದಲ್ಲಿ ಜಗಳ ಹಚ್ಚುವವನೆಂದು ಹೆಸರು ಹೊತ್ತ ಈತನ ಹೆಸರಿನ ಸ್ಮೃತಿ ಜಗಳ ಬಿಡಿಸುವುದರಲ್ಲಿ ಮಿಕ್ಕವುಗಳಿಗಿಂತ ಚುರುಕು. ಕೊಂಡ ದಿನವೇ, ಸರಕು ಕೆಡದಂತೆ ಹಿಂದಿರುಗಿಸಿದರೆ ಪೂರ್ತಿ ಹಣ. ಎರಡನೇ ದಿನ ತಂದರೆ ಬೆಲೆಯ ಮೂವತ್ತನೇ ಒಂದು ಭಾಗ ಕಡಿತ. ಮೂರನೇ ದಿನ ಅದರ ಇಮ್ಮಡಿ. ಆಮೇಲೆ ಸರಕು ಕೊಂಡವನದೇ. ಬಟ್ಟೆಯ ವಿಷಯದಲ್ಲಂತೂ ಆತ ಜವಳಿ ಅಂಗಡಿಯಲ್ಲಿ ದುಡಿದವನ ಹಾಗೆ ಮಾತಾಡುತ್ತಾನೆ. ಮೊದಲ ಒಗೆತಕ್ಕೆ ಬಟ್ಟೆಯ ಬೆಲೆ ಎಂಟನೇ ಒಂದು ಪಾಲು ಇಳಿಯುತ್ತದೆ, ಎರಡನೆಯದಕ್ಕೆ ಕಾಲು, ಮೂರನೆಯದಕ್ಕೆ ಮೂರನೇ ಒಂದು, ನಾಲ್ಕನೆಯದಕ್ಕೆ ಅರ್ಧ. ನಮ್ಮ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಒಗೆತಕ್ಕೆ ರೂಪಾಯಿಗೆ ಎರಡಾಣೆ, ಎರಡಕ್ಕೆ ನಾಲ್ಕಾಣೆ, ನಾಲ್ಕಕ್ಕೆ ಎಂಟಾಣೆ. ಇದನ್ನು ಅಕ್ಕನ ಮಗಳಿಗೆ ಓದಿ ಹೇಳಿದಾಗ ಅವಳು ಟೇಪು ಕೆಳಗಿಟ್ಟು, ‘ಇವರನ್ನು ಕಸ್ಟಮರ್ ಕೇರಿಗೆ ಹಾಕ್ಬೇಕಿತ್ತು’ ಎಂದಳು.

ಬ್ರಿಟಿಷರ ಕಾನೂನೂ ತಡವಾಗಿ ಬಂದವರ ಪರವಾಗಿರಲಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಮು, ‘ಹಿಡಿಸಿದರೆ ಇಟ್ಟುಕೊ, ಇಲ್ಲದಿದ್ದರೆ ಮರಳಿಸು’ ಎಂದು ಕೊಟ್ಟ ಸರಕಿನ ಕುರಿತದ್ದು. ಬೇಡವೆಂದು ತಿಳಿಸದೆ ಗೊತ್ತಾದ ಅವಧಿ ಮೀರಿ ಇಟ್ಟುಕೊಂಡರೆ, ಅವಧಿ ಗೊತ್ತಾಗಿರದಿದ್ದರೆ ನ್ಯಾಯವಾದ ಕಾಲ ಮೀರಿ ಇಟ್ಟುಕೊಂಡರೆ, ಸರಕಿನ ಒಡೆತನ ಇಟ್ಟುಕೊಂಡವನಿಗೆ ಸೇರಿತು. ಆನ್‌ಲೈನ್ ಸೀರೆ ಆ ಕಲಮಿನಡಿ ನೇರವಾಗಿ ಬರುತ್ತದೆಂದು ನಾನು ವಾದಿಸುವುದಿಲ್ಲ. ನನ್ನದು ಟೇಪಿನ ಖಾತೆ. ಆದರೆ ನಮ್ಮ ಸೌಟುಗಳು, ಡಬ್ಬಿಗಳು, ಓದಲೆಂದು ಒಯ್ದ ಕಾದಂಬರಿಗಳು ಯಾವ ನ್ಯಾಯದ ಮೇಲೆ ಪರರ ಪಾಲಾದವೆಂದು ಆ ಕಲಮು ಓದಿದ ದಿನ ಅರ್ಥವಾಯಿತು.

ಸ್ವತಂತ್ರ ಭಾರತದ ಕಾನೂನು ಗ್ರಾಹಕರ ಕಡೆ ವಾಲಿತು, ವಾಲಬೇಕಾದದ್ದೇ. ದೋಷವಿರುವ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಹೇಳದಿದ್ದರೆ 30 ದಿನದೊಳಗೆ ಹಿಂಪಡೆದು ಹಣ ಕೊಡಲು ಒಪ್ಪದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಎನ್ನುತ್ತದೆ. ಮರುವರ್ಷದ ಇ-ವಾಣಿಜ್ಯ ನಿಯಮಗಳು ಇನ್ನೊಂದು ಮಾತು ಸೇರಿಸಿದವು: ಹೇಳಿದ ದಿನಕ್ಕಿಂತ ತಡವಾಗಿ ಮುಟ್ಟಿಸಿದ ಸರಕನ್ನೂ ಹಿಂಪಡೆಯಲು ಮಾರಿದವರು ಒಲ್ಲೆನೆನ್ನುವಂತಿಲ್ಲ. ನ್ಯಾಯ. ಚೌತಿಗೆಂದು ತರಿಸಿದ ಸೀರೆ ನವರಾತ್ರಿಗೆ ಬಂದರೆ ಯಾರಿಗೆ ಬೇಕು? ಆದರೆ ಚೌತಿಗೆ ಬಂದ ಸೀರೆ ನವರಾತ್ರಿ ಮುಗಿಸಿಕೊಂಡು ದೀಪಾವಳಿಗೆ ವಾಪಸು ಹೊರಟರೆ ಏನು ಮಾಡಬೇಕು ಎಂಬುದರ ಬಗ್ಗೆ ಆ ನಿಯಮಗಳಿಗೆ ಚಿಂತೆಯಿಲ್ಲ. ಅಲ್ಲಿಂದ ಮುಂದೆ ವೇದಿಕೆಯ ಮರ್ಜಿ.

ನಮ್ಮೂರಿನ ಅನುಭವದಲ್ಲಿ ಹಿಂದಿರುಗಿಸಲು ಬರದ ಸರಕುಗಳೂ ಉಂಟು. ಮಕರ ಸಂಕ್ರಾಂತಿಯ ಬೆನ್ನಿಗೆ ಬರುವ ಗುರು ನರಸಿಂಹನ ಜಾತ್ರೆಯಲ್ಲಿ ಕೊಂಡದ್ದು ಕೊಂಡದ್ದೇ. ಮಗುವಿನ ಪೀಪಿ ಮನೆಗೆ ಬರುವಷ್ಟರಲ್ಲಿ ಮೂಕವಾದರೆ, ಬೆಳಗಾಗುವಷ್ಟರಲ್ಲಿ ಪೀಪಿಯವನು ಮುಂದಿನ ಊರಿನ ತೇರಿನಲ್ಲಿದ್ದಾನೆ. ಸಾಲಿಗ್ರಾಮ ಯಕ್ಷಗಾನ ಮೇಳದ ಡೇರೆ ಆಟಕ್ಕೆ ಟಿಕೆಟು ಕೊಂಡು, ಚೌಕಿಯಿಂದ ಮೊದಲ ವೇಷ ಹೊರಡುವ ಮುಂಚೆಯೇ ಕುರ್ಚಿಯಲ್ಲಿ ನಿದ್ದೆಹೋಗಿ, ಮಂಗಳದ ಹೊತ್ತಿಗೆ ಎದ್ದವರನ್ನು ಬಲ್ಲೆ. ಅವರಲ್ಲಿ ಒಬ್ಬರೂ ದುಡ್ಡು ವಾಪಸು ಕೇಳಿದ್ದಿಲ್ಲ. ಬದಲಿಗೆ ‘ಈ ಸಲದ ಪ್ರಸಂಗ ಅಡ್ಡಿಲ್ಲ’ ಎಂದು ವಿಮರ್ಶೆ ಕೊಟ್ಟು ಹೋಗುತ್ತಾರೆ.

ತಡವಾಗಿ ಹಿಂದಿರುಗಿಸಿದವರ ಪೈಕಿ ಊರಿಗೆ ಕೀರ್ತಿ ತಂದವರು ಒಬ್ಬರೇ. 1902ರಲ್ಲಿ ಕೋಟದಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ಸಾಲಿಗ್ರಾಮದಲ್ಲಿ ಕಳೆದ ಶಿವರಾಮ ಕಾರಂತರಿಗೆ 1968ರಲ್ಲಿ ಪದ್ಮಭೂಷಣ ಬಂದಿತ್ತು. ಕೈಗೆ ಬಂದು ವರ್ಷಗಳಾದ ಆ ಸರಕನ್ನು ಅವರು 1975ರ ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ದಿಲ್ಲಿಗೆ ಹಿಂದಿರುಗಿಸಿದರು. ಯಾವ ಲೆಕ್ಕದಲ್ಲೂ ಗಡುವು ಮೀರಿತ್ತು. ಕಾರಣದ ಕಾಲಂ ತುಂಬಬೇಕಾಗಿದ್ದರೆ ವೇದಿಕೆ ಕೊಡುವ ಯಾವ ಆಯ್ಕೆಯೂ ಅವರಿಗೆ ಹೊಂದುತ್ತಿರಲಿಲ್ಲ: ಬಣ್ಣ ಬೇರೆಯಲ್ಲ, ಅಳತೆ ತಪ್ಪಿಲ್ಲ, ಸರಕಿನಲ್ಲಿ ದೋಷವಿಲ್ಲ, ದೋಷ ಕೊಟ್ಟವರಲ್ಲಿ. ಇಂಥ ಒಂದು ಆಯ್ಕೆಯನ್ನು ಪಟ್ಟಿಗೆ ಸೇರಿಸಬೇಕೆಂದು ನನಗೆ ಅನ್ನಿಸಿದೆ. ಆದರೆ ಸೀರೆ ವ್ಯಾಪಾರದಲ್ಲಿ ಅದನ್ನು ಯಾರು ಹೇಗೆ ಬಳಸುತ್ತಾರೋ ಎಂಬ ಹೆದರಿಕೆಯಿಂದ ಅಕ್ಕನ ಮಗಳು ಬೇಡವೆಂದಳು.

ದೂರದಿಂದ ಸರಕು ಕಳಿಸಿ, ಮುಟ್ಟಿದ ಮೇಲೆ ಹಣ ಪಡೆಯುವ ವಿದ್ಯೆಯೂ ಹೊಸತಲ್ಲ. ಅಂಚೆಯ ವಿ.ಪಿ.ಪಿ. ಈ ದೇಶಕ್ಕೆ ಬಂದದ್ದು 1877ರಲ್ಲಿ. ಕನ್ನಡ ಪ್ರಕಾಶಕರು ತಲೆಮಾರುಗಟ್ಟಲೆ ಅದನ್ನು ನಂಬಿ ಪುಸ್ತಕ ಕಳಿಸಿದರು. ಉತ್ಸಾಹದಲ್ಲಿ ಕಾರ್ಡು ಬರೆದು ತರಿಸಿಕೊಂಡ ಓದುಗ, ಪೋಸ್ಟ್‌ಮ್ಯಾನ್ ಹಣ ಕೇಳುವಾಗ ಊರಲ್ಲಿಲ್ಲ ಎನ್ನಿಸಿ ಪುಸ್ತಕ ಮರಳಿ ಬರುತ್ತಿತ್ತು. ಇದನ್ನೆಲ್ಲ ಕಂಡೇ ಇರಬೇಕು, ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದು. ಬರೆದವರೇ ಎದುರು ನಿಂತು ಕೊಟ್ಟ ಪುಸ್ತಕವನ್ನು ‘ಗುಣಮಟ್ಟ ನಿರೀಕ್ಷೆಯಂತಿಲ್ಲ’ ಎಂದು ಹಿಂದಿರುಗಿಸುವ ಎದೆಗಾರಿಕೆ ಯಾರಿಗುಂಟು? 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಲೇ ಶುರುವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಬಾಗಿಲಲ್ಲಿ ಹಣ ಪಡೆಯುವ ಪದ್ಧತಿ ತಂದಾಗ, ವಿ.ಪಿ.ಪಿ.ಯೇ ಹೊಸ ಅಂಗಿ ತೊಟ್ಟು ಬಂದಿತು. ಜೊತೆಯಲ್ಲಿ ಊರಲ್ಲಿಲ್ಲದ ಓದುಗನೂ ಬಂದ.

ಎದುರು ನಿಲ್ಲುವುದರ ಮಹಿಮೆ ನಮ್ಮೂರಿಗೆ ಚೆನ್ನಾಗಿ ಗೊತ್ತು. ಕೋಟದ ಬ್ರಾಹ್ಮಣರು ಯಾವ ಮಠದ ಸ್ವಾಮಿಗಳನ್ನೂ ಗುರುವೆನ್ನದೆ ಸಾಲಿಗ್ರಾಮದ ನರಸಿಂಹನನ್ನೇ ಗುರುವೆಂದುಕೊಂಡವರು. ಆ ನರಸಿಂಹನ ಉಗ್ರ ದೃಷ್ಟಿಗೆ ಎದುರಿನ ಹೊಲಗಳ ಬೆಳೆ ಸುಟ್ಟುಹೋಗುತ್ತಿತ್ತೆಂದೂ, ಅದಕ್ಕಾಗಿ ಆಂಜನೇಯನನ್ನು ನೇರ ಎದುರಿಗೆ ಪ್ರತಿಷ್ಠಾಪಿಸಿದ ಮೇಲೆ ಶಾಂತವಾಯಿತೆಂದೂ ಸ್ಥಳಪುರಾಣ. ಕೋಪ ಇಳಿಸಲು ಮಂತ್ರಕ್ಕಿಂತ ಮುಖವೇ ಮೇಲೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರು. ಆನ್‌ಲೈನಿನಲ್ಲಿ ಗಿರಾಕಿಯ ಎದುರಿಗೆ ಕೂತವರು ಯಾರೂ ಇಲ್ಲ. ಅವರ ಮುಖ ನಮಗೆ ಕಾಣುವುದಿಲ್ಲ, ನಮ್ಮದು ಅವರಿಗೆ ಕಾಣುವುದಿಲ್ಲ. ನಡುವೆ ಒಂದು ಗುಂಡಿ. ಗುಂಡಿಯ ಮುಂದೆ ಅಡಿಕೆ ರೇಟು ಮಾತಾಡುವ, ಚೀಲವನ್ನು ಕಾಲಿನ ಬುಡದಲ್ಲಿ ಅಡಗಿಸುವ ಅಗತ್ಯವಿಲ್ಲ.

ತಡವಾಗಿ ಬಂದ ಸರಕನ್ನು ಹಿಂಪಡೆಯುವುದಕ್ಕೆ ನನ್ನ ತಕರಾರಿಲ್ಲ. ಅಕ್ಕನ ಮಗಳಿಗೂ ಇಲ್ಲ. ಗಿರಾಕಿಗೆ ಹೆರಿಗೆಯಾಗಿರಬಹುದು, ಮನೆಯಲ್ಲಿ ಸಾವಾಗಿರಬಹುದು, ಸುಮ್ಮನೆ ಮರೆತಿರಬಹುದು, ಮನುಷ್ಯರಲ್ಲವೇ? ಆದರೆ ಕ್ಷಮಿಸಬೇಕಾದವರು ನಾವು, ಕ್ಷಮಿಸಿದ್ದು ವೇದಿಕೆ, ತೆತ್ತದ್ದು ನಾವು. ಗಿರಾಕಿಯ ಫೋನಿಗೆ ‘ನಿಮ್ಮ ತೃಪ್ತಿಯೇ ನಮ್ಮ ಧ್ಯೇಯ’ ಎಂದು ಸಂದೇಶ ಹೋಗುತ್ತದೆ. ನಮ್ಮ ಖಾತೆಯಿಂದ ಸೀರೆಯ ಹಣ ಹೋಗುತ್ತದೆ, ಹೋಗುವ ಸಾಗಣೆ ಹೋಗುತ್ತದೆ, ಬರುವ ಸಾಗಣೆಯೂ ಹೋಗುತ್ತದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಜವಳಿ ಸಾಹುಕಾರರ ‘ಅಡ್ಡಿಲ್ಲ’ದಿಂದ ಮದುವೆಯ ಜವಳಿ ಅಂಗಡಿಗೆ ಬರುತ್ತಿತ್ತು. ವೇದಿಕೆಯ ‘ಅಡ್ಡಿಲ್ಲ’ದಿಂದ ಬರುವ ಉಪಕಾರಸ್ಮರಣೆ ವೇದಿಕೆಗೇ ಸಲ್ಲುತ್ತದೆ, ಆ ಎಲೆಹಸಿರು ಸೀರೆಯ ಹೆಂಗಸಿಗೆ ಸಾಲಿಗ್ರಾಮವೆಂಬ ಊರಿದೆಯೆಂದೇ ಗೊತ್ತಿರಲಾರದು. ನಷ್ಟವಾದ ಹಣವನ್ನು ಮುಂದಿನ ಸೀರೆಗಳ ಬೆಲೆಗೆ ಹಂಚಿಹಾಕಬಹುದು. ಎಲ್ಲ ವ್ಯಾಪಾರಿಗಳೂ ಹಾಕುತ್ತಾರೆ. ಕೈಬಿಟ್ಟುಹೋದ ದಾಕ್ಷಿಣ್ಯವನ್ನು ಯಾವ ಬೆಲೆಗೂ ಹಂಚಿಹಾಕಲು ಬರುವುದಿಲ್ಲ. ದೊಡ್ಡ ಮನಸ್ಸು ಮಾಡುವ ಸಣ್ಣ ಅಂಗಡಿಯ ಹಕ್ಕನ್ನು ದೊಡ್ಡ ಅಂಗಡಿ ಎತ್ತಿಕೊಂಡುಬಿಟ್ಟಿದೆ.

ಈ ಇಡೀ ಪ್ರಕರಣದಲ್ಲಿ ನಿಜವಾದ ತಾಳ್ಮೆ ಕಂಡದ್ದು, ಆಶ್ಚರ್ಯವೆಂದರೆ, ತೆರಿಗೆ ಇಲಾಖೆಯಲ್ಲಿ. ಮಾರಿದ ಸರಕು ವಾಪಸು ಬಂದರೆ ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಡಿ ಕ್ರೆಡಿಟ್ ನೋಟ್ ಬರೆದು ತೆರಿಗೆ ಸರಿಮಾಡಿಕೊಳ್ಳಬಹುದು. ಅದಕ್ಕೆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ ಅವಕಾಶ. ಅಷ್ಟರೊಳಗೆ ವಾರ್ಷಿಕ ರಿಟರ್ನ್ ಸಲ್ಲಿಸಿದರೆ ಅಲ್ಲಿಗೆ ಮುಗಿಯಿತು. 2025ರ ಏಪ್ರಿಲಿನಲ್ಲಿ ಮಾರಿದ ಸೀರೆ 2026ರ ನವೆಂಬರಿನಲ್ಲಿ ಮರಳಿದರೂ ಸರ್ಕಾರ ಹುಬ್ಬೇರಿಸುವುದಿಲ್ಲ. ವೇದಿಕೆಗಳು ನಮ್ಮ ಮಾರಾಟದ ಮೇಲೆ ಮೂಲದಲ್ಲೇ ಹಿಡಿದುಕೊಳ್ಳುವ ತೆರಿಗೆಯೂ 2024ರ ಜುಲೈನಿಂದ ಶೇ. 1ರ ಬದಲು ಶೇ. 0.5 ಆಗಿದೆ, ಅದೂ ವಾಪಸಾತಿ ಕಳೆದು ಉಳಿದ ಮೊತ್ತಕ್ಕೆ ಮಾತ್ರ. ಮಾರಾಟಕ್ಕಿಂತ ವಾಪಸಾತಿ ಹೆಚ್ಚಾದ ಒಂದು ಆಷಾಢದಲ್ಲಿ ನಮ್ಮ ವ್ಯಾಪಾರ ಸೊನ್ನೆಗಿಂತ ಕೆಳಗಿಳಿದಿತ್ತು. ಲೆಕ್ಕ ಬರೆಯುವ ಹುಡುಗ ಅಂಕಿಯ ಹಿಂದೆ ಗೆರೆ ಎಳೆದು, ‘ಈ ತಿಂಗಳು ನೀವು ಜನರ ಹತ್ತಿರ ಸೀರೆ ಕೊಂಡದ್ದು ಅಂತ ತಿಳ್ಕೊಳ್ಳಿ’ ಎಂದು ಸಮಾಧಾನ ಹೇಳಿದ.

ಆ ಆಷಾಢದ ನಂತರ ಅಕ್ಕನ ಮಗಳು ವಾಟ್ಸ್‌ಆ್ಯಪಿನಲ್ಲಿ ಒಂದು ಗುಂಪು ಕಟ್ಟಿದ್ದಾಳೆ. ವೇದಿಕೆಯ ವ್ಯಾಪಾರ ಬಿಟ್ಟಿಲ್ಲ. ಅದು ಅದರ ಪಾಡಿಗೆ ನಡೆಯುತ್ತದೆ, ವಿಡಿಯೊ ಮಾಡಲು ನಾನಿದ್ದೇನೆ. ಗುಂಪಿನಲ್ಲಿರುವವರು ಬ್ರಹ್ಮಾವರ, ಸಾಸ್ತಾನ, ತೆಕ್ಕಟ್ಟೆ, ಕುಂದಾಪುರದವರು, ಮತ್ತೆ ಬೆಂಗಳೂರು ಮುಂಬಯಿಗಳಲ್ಲಿರುವ ಅವರ ಅಕ್ಕತಂಗಿಯರು. ಅಲ್ಲಿ ವಾಪಸಾತಿಗೆ ಗಡುವಿಲ್ಲ, ನಾರದನಿದ್ದಾನೆ. ಅವಳು ಗುಂಪಿನ ಮೇಲ್ಗಡೆ ಸ್ಪಷ್ಟವಾಗಿ ಬರೆದಿಟ್ಟಿದ್ದಾಳೆ: ಯಾವಾಗ ಬೇಕಾದರೂ ತನ್ನಿ, ಉಡದ್ದಕ್ಕೆ ಪೂರ್ತಿ, ಒಂದು ಒಗೆತಕ್ಕೆ ರೂಪಾಯಿಗೆ ಎರಡಾಣೆ ಕಡಿಮೆ, ಎರಡಕ್ಕೆ ನಾಲ್ಕಾಣೆ. ಸುಳ್ಳು ಹೇಳುವವರು ಇರುತ್ತಾರಲ್ಲ ಎಂದು ನಾನು ಕೇಳಿದ್ದಕ್ಕೆ, ಹೇಳಲಿ, ಮೂಗು ಇದೆಯಲ್ಲ ಎಂದಳು.

ಮೊನ್ನೆ ತೆಕ್ಕಟ್ಟೆಯಿಂದ ಒಬ್ಬರು ಬಂದು ಬೆಂಚಿನ ಮೇಲೆ ಕೂತರು. ಮಳೆಯ ಮಾತಾಯಿತು, ಹೆದ್ದಾರಿಯ ಸರ್ವಿಸ್ ರಸ್ತೆಯ ಮಾತಾಯಿತು, ನನ್ನ ಮಂಡಿನೋವಿನ ಮಾತಾಯಿತು. ಕಾಫಿ ಮುಗಿದ ಮೇಲೆ ಕಾಲಿನ ಬುಡದಿಂದ ಚೀಲ ಮೇಲೆ ಬಂತು. ಅಕ್ಕನ ಮಗಳು ಸೀರೆಯನ್ನು ಮೂಗಿಗೆ ಹಿಡಿದು, ‘ಒಂದು ಒಗೆತ’ ಎಂದು ತೀರ್ಪು ಕೊಟ್ಟಳು.

‘ಸೆರ್ಗ್ ಒಂದೇ ತೊಳದ್ದ್’ ಎಂದರು ಅವರು. ‘ಒಂದಾಣೆ ಹಿಡ್ಕಣಿ.’

ಅರ್ಧ ಗಂಟೆಯ ಚೌಕಾಸಿಯ ನಂತರ ಒಂದೂವರೆ ಆಣೆಗೆ ಇತ್ಯರ್ಥವಾಯಿತು. ಹೋಗುವಾಗ ಅವರು ಬೇರೆ ಎರಡು ಸೀರೆ ಒಯ್ದರು, ಮಗಳ ನಿಶ್ಚಿತಾರ್ಥ ಮಾರ್ಚಿಗೆ ಎಂದು ಹೇಳಿಹೋದರು, ಮತ್ತು ಕಾಫಿಗೆ ಸಕ್ಕರೆ ಕಡಿಮೆಯಾಗಿತ್ತೆಂಬ ದೂರನ್ನು ನನ್ನ ಹೆಸರಿಗೆ ದಾಖಲಿಸಿದರು.